ಜೈಪುರದ ನೀಲಿ ತಟ್ಟೆ, ನಮ್ಮ ಲಗ್ನಪತ್ರಿಕೆ

ಮೊನ್ನೆ ಒಂದು ಮನೆಯೋರು ಮದುವೆ ಕಾರ್ಡ್ ಮಾಡಿಸೋಕೆ ಬಂದಿದ್ರು. ಹುಡುಗಿ ಜೈಪುರದಲ್ಲಿ ತಗೊಂಡ ಚಿಕ್ಕ ನೀಲಿ ತಟ್ಟೆನ ಟವೆಲ್‌ನಲ್ಲಿ ಸುತ್ಕೊಂಡು ತಂದಿದ್ಲು, "ಮೇಡಂ, ಕಾರ್ಡ್ ಹಿಂಗೇ ಇರ್ಬೇಕು" ಅಂದ್ಲು. ಫೋನಲ್ಲಿ ಫೋಟೋ ತೋರಿಸೋರು ಬೇಕಾದಷ್ಟು ಜನ, ಆದ್ರೆ ತಟ್ಟೆನೇ ಕೈಗೆ ಬಂದ್ರೆ ನಂಗೆ ಅರ್ಧ ಕೆಲಸ ಆದ ಹಾಗೆ, ಯಾಕಂದ್ರೆ ಅದನ್ನ ಹೇಗೆ ಮಾಡಿದಾರೆ ಅನ್ನೋದು ಅದರಲ್ಲೇ ಕಾಣುತ್ತೆ.

ಈ ನೀಲಿ ತಟ್ಟೆ ಕೆಲಸಕ್ಕೆ ಬ್ಲೂ ಪಾಟರಿ ಅಂತಾರೆ, ಇದಕ್ಕೆ ಕುಂಬಾರರ ಜೇಡಿಮಣ್ಣು ಬಳಸಲ್ಲ. ಬೆಣಚುಕಲ್ಲಿನ ಪುಡಿ, ಗಾಜಿನ ಪುಡಿ, ಸ್ವಲ್ಪ ಮುಲ್ತಾನಿ ಮಿಟ್ಟಿ, ಗೋಂದು ಎಲ್ಲಾ ಕಲಸಿ ಅಚ್ಚಲ್ಲಿ ಒತ್ತುತ್ತಾರೆ, ಮೇಲೆ ಬಿಳಿ ಲೇಪ ಬಳಿದು ಕೋಬಾಲ್ಟ್ ಆಕ್ಸೈಡಲ್ಲಿ ಗೆರೆ ಬರೀತಾರೆ, ಒಳಗೆ ಬಣ್ಣ ತುಂಬ್ತಾರೆ, ಗ್ಲೇಜ್ (ಗಾಜಿನ ತರ ಹೊಳೆಯೋ ಲೇಪ) ಹಾಕಿ 800 ಡಿಗ್ರಿ ಮೇಲೆ ಒಂದೇ ಸಲ ಸುಡ್ತಾರೆ. ಬಳಿಯುವಾಗ ಕೋಬಾಲ್ಟ್ ಕಪ್ಪಗೆ ಇರುತ್ತೆ, ಭಟ್ಟಿಯಿಂದ ಬಂದಮೇಲೇ ನೀಲಿ. ಆ ಹಸಿರು ಮಿಶ್ರಿತ ತಿಳಿನೀಲಿ ಇದೆಯಲ್ಲ, ಅದು ತಾಮ್ರದ್ದು. ಒಂದು ಕಾಲಕ್ಕೆ ಈ ಕೆಲಸ ನಿಂತೇ ಹೋಗೋ ಹಾಗಿತ್ತಂತೆ, ಅದನ್ನ ಎತ್ತಿ ನಿಲ್ಲಿಸಿದವರು ಕಲಾವಿದ ಕೃಪಾಲ್ ಸಿಂಗ್ ಶೇಖಾವತ್ (1974ರಲ್ಲಿ ಪದ್ಮಶ್ರೀ ಬಂತು), ಅವರ ಬೆನ್ನಿಗೆ ನಿಂತವರಲ್ಲಿ ನಮ್ಮ ಮಂಗಳೂರಲ್ಲಿ ಹುಟ್ಟಿ ಕರಕುಶಲ ಕಲೆಗಳಿಗೆ ದುಡಿದ ಕಮಲಾದೇವಿ ಚಟ್ಟೋಪಾಧ್ಯಾಯ ಕೂಡ ಒಬ್ರು. ನಂಗೆ ಇದು ಹೇಳೋಕೆ ಹೆಮ್ಮೆ, ಬಂದವರಿಗೆಲ್ಲ ಹೇಳ್ತೀನಿ.

ಕಾರ್ಡಿಗೆ ಬರೋಣ. ಎಲ್ಲರೂ ಮೊದಲು ಹೂವು ಬಳ್ಳಿ ತುಂಬಿಸೋಕೆ ಹೋಗ್ತಾರೆ, ನಾನು ಮೊದಲು ನೋಡೋದು ಬಿಳಿ. ತಟ್ಟೆ ಮೇಲೆ ನೀಲಿ ಹೊಳೆಯೋದೇ ಆ ಬಿಳಿ ಲೇಪದಿಂದ. ಐವರಿ (ಕೆನೆ ಬಣ್ಣದ) ಪೇಪರ್ ತಗೊಂಡ್ರೆ ಹಳದಿ ಸೇರಿ ತಿಳಿನೀಲಿ ಹಸಿರಿಗೆ ತಿರುಗುತ್ತೆ, ಹಾಗಾಗಿ ಅಚ್ಚ ಬಿಳಿ, ಕೋಟಿಂಗ್ ಇಲ್ಲದ 300 ಜಿಎಸ್‌ಎಂ (ಒಂದು ಚದರ ಮೀಟರಿಗೆ 300 ಗ್ರಾಂ ತೂಗೋ ದಪ್ಪ) ಪೇಪರ್ ಅಂತ ಹಟ ಮಾಡ್ತೀನಿ.

ಆಮೇಲೆ ಆ ಕಡುನೀಲಿ. ಎಲ್ಲಾ ಬಣ್ಣನೂ ನಾಲ್ಕೇ ಇಂಕ್ ಸೇರಿಸಿ ತರೋ ಮಾಮೂಲಿ ಆಫ್‌ಸೆಟ್ ಮುದ್ರಣದಲ್ಲಿ ಅದು ಬರಲ್ಲ, ಮಂಕಾಗುತ್ತೆ, ಅದರಲ್ಲಿರೋ ಮೆಜೆಂಟಾ (ಗುಲಾಬಿಗೆಂಪು) ಸ್ವಲ್ಪ ಜಾಸ್ತಿ ಆದ್ರೆ ನೇರಳೆ. ಅದಕ್ಕೆ ನೀಲಿನ ಸ್ಪಾಟ್ ಕಲರ್ ಆಗಿ, ಅಂದ್ರೆ ಮೊದಲೇ ಕಲಸಿದ ಒಂದೇ ಇಂಕಾಗಿ, ಬೇರೆ ಮುದ್ರಣದ ಪ್ಲೇಟ್‌ನಲ್ಲೇ ಹಾಕಿಸ್ಬೇಕು. ರಿಫ್ಲೆಕ್ಸ್ ಬ್ಲೂ ಅಂತ ಒಂದು ಇಂಕ್ ಇದೆ, ತುಂಬಾ ಚಂದ, ಆದ್ರೆ ಒಣಗೋದು ಬಹಳ ನಿಧಾನ. ಹಿಂದೆ ಒಂದ್ಸಲ ಪ್ರೆಸ್‌ನವರು ಅರ್ಜೆಂಟಲ್ಲಿ ಒಂದರ ಮೇಲೊಂದು ಪೇರಿಸಿ ಕಟ್ಟಿಬಿಟ್ರು, ಪ್ರತಿ ಕಾರ್ಡಿನ ಹಿಂಭಾಗಕ್ಕೂ ನೀಲಿ ಮೆತ್ಕೊಂಡು ಇಡೀ ಲಾಟ್ ಮತ್ತೆ ಹೊಡೆಸ್ಬೇಕಾಯ್ತು, ಮದುವೆಗೆ ಇದ್ದಿದ್ದು ಇಪ್ಪತ್ತೇ ದಿನ. ಈಗ ಒಣಗೋಕೆ ಅಂತಲೇ ಎರಡು ಮೂರು ದಿನ ಬೇರೆ ಇಡ್ತೀನಿ, ಸ್ಕ್ರೀನ್ ನೋಡಿ ಓಕೆ ಅನ್ನಬೇಡಿ ಅಂತಲೂ ಹೇಳ್ತೀನಿ, ಅದೇ ಪೇಪರಲ್ಲಿ ಪ್ರೂಫ್ ತೆಗೆಸಿ ಹಗಲು ಬೆಳಕಲ್ಲಿ ನೋಡ್ಬೇಕು.

ಅಕ್ಷರದ ವಿಷ್ಯ. ನೀಲಿ ಮೇಲೆ ಬಿಳಿ ಕನ್ನಡ ಅಕ್ಷರ ಬಿಡಿಸೋದು ನೋಡೋಕೆ ಆಸೆ ಆಗುತ್ತೆ, ಆದ್ರೆ ಸಣ್ಣ ಸೈಜಲ್ಲಿ ಒತ್ತಕ್ಷರದೊಳಗೆಲ್ಲ ಇಂಕ್ ತುಂಬ್ಕೊಂಡು ಅಜ್ಜನ ಹೆಸರೇ ಓದೋಕಾಗಲ್ಲ. ದೊಡ್ಡದಾಗಿ ಬರೋ ವಧೂವರರ ಹೆಸರಿಗೆ ಸರಿ, ಮುಹೂರ್ತ, ಸ್ಥಳ, ಸುಖಾಗಮನ ಬಯಸುವವರ ಪಟ್ಟಿ ಬಿಳಿ ಮೇಲೇ ಇರಲಿ.

ಆ ಹುಡುಗಿ ಅಜ್ಜಿ ಮಾತ್ರ ಸುಮ್ನೆ ಕೂತಿದ್ರು, ಕೊನೆಗೆ "ಶುಭಕಾರ್ಯಕ್ಕೆ ಕಪ್ಪು ಬೇಡಮ್ಮ" ಅಂದ್ರು. ನಾನು ತಟ್ಟೆ ಅವರ ಕೈಗೆ ಕೊಟ್ಟೆ, ನೋಡಿ ಅಜ್ಜಿ, ಇದರಲ್ಲಿ ಗೆರೆನೂ ನೀಲಿನೇ, ಹಂಗೇ ಕಾರ್ಡಲ್ಲೂ ಅಕ್ಷರ ಎಲ್ಲಾ ಕಡುನೀಲಿಲೇ ಹಾಕ್ತೀನಿ ಅಂದೆ. ಅವರು ತಟ್ಟೆ ತಿರುಗಿಸಿ ನೋಡಿ, "ಅರಿಶಿನ ಎಲ್ಲಿ ಹಚ್ಚೋದು?" ಅಂದ್ರು. ಸರಿಯಾದ ಪ್ರಶ್ನೆ. ಲ್ಯಾಮಿನೇಷನ್ ಮಾಡಿದ್ರೆ ಅರಿಶಿನ ನಿಲ್ಲಲ್ಲ, ಒಣಗಿ ಉದುರುತ್ತೆ. ಹಾಗಾಗಿ ಗ್ಲೇಜ್ ತರ ಹೊಳಪಿಗೆ ಮಧ್ಯದ ಹೂವಿಗಷ್ಟೇ ಸ್ಪಾಟ್ ಯುವಿ (ಆ ಜಾಗಕ್ಕೆ ಮಾತ್ರ ಹಾಕೋ ಹೊಳಪಿನ ಲೇಪ) ಇಟ್ಟೆ, ಬಾರ್ಡರನ್ನ ಒಳಕ್ಕೆ ಎಳೆದು ನಾಲ್ಕು ಮೂಲೆನೂ ಬರೀ ಪೇಪರ್ ಬಿಟ್ಟೆ.