ಬರ್ಲಿನ್ ಡಿಫೆನ್ಸ್: ರಾಣಿ ಇಲ್ಲದೆ ಶುರುವಾಗುವ ಜಗಳ

2000ನೇ ಇಸವಿ, ಲಂಡನ್. 1985ರಿಂದ ಚೆಸ್ ವಿಶ್ವ ಚಾಂಪಿಯನ್ ಆಗಿದ್ದ ಗ್ಯಾರಿ ಕಾಸ್ಪರೋವ್ ಎದುರು ವ್ಲಾದಿಮಿರ್ ಕ್ರಾಮ್ನಿಕ್ ಕೂತಿದ್ದರು. ಕಾಸ್ಪರೋವ್‌ಗೆ ಇಷ್ಟ ರಾಣಿ ಬೋರ್ಡ್ ಮೇಲಿರುವ ಬಿರುಸಿನ ಆಟ. ಕ್ರಾಮ್ನಿಕ್ ಕಪ್ಪು ಕಾಯಿಯಲ್ಲಿ ಮಾಡಿದ್ದು ಒಂದೇ ಕೆಲಸ: ಎಂಟನೇ ನಡೆಗೇ ರಾಣಿಗಳನ್ನು ಎತ್ತಿಟ್ಟುಬಿಟ್ಟರು. 1, 3, 9 ಮತ್ತು 13ನೇ ಆಟಗಳಲ್ಲಿ ಕಪ್ಪಿನ ಈ ಆರಂಭ, ಅಂದರೆ ಬರ್ಲಿನ್ ಡಿಫೆನ್ಸ್, ಬಂತು, ನಾಲ್ಕೂ ಡ್ರಾ. ಬಿಳಿ ಕಾಯಿಯಲ್ಲಿ ಕ್ರಾಮ್ನಿಕ್ ಎರಡು ಆಟ ಗೆದ್ದರು. 8.5–6.5ಕ್ಕೆ ಕಿರೀಟ ಕೈ ಬದಲಾಯಿತು. ಕಾಸ್ಪರೋವ್ ಒಂದೇ ಒಂದು ಆಟವನ್ನೂ ಗೆಲ್ಲಲಿಲ್ಲ.

ಇದೇನು ಹೊಸ ಸರಕಲ್ಲ. ರುಯ್ ಲೋಪೆಜ್ ಎಂಬ ಆರಂಭದ ಈ ಕವಲನ್ನು 19ನೇ ಶತಮಾನದಲ್ಲಿ ಬರ್ಲಿನ್‌ನ ಆಟಗಾರರು ಬೆಳೆಸಿದ್ದರು, ಹಳೆಯ ವಿಶ್ವ ಚಾಂಪಿಯನ್ ಲಾಸ್ಕರ್ ಕೂಡ ಆಡಿದ್ದರು. ಆಮೇಲೆ ದೊಡ್ಡ ಆಟಗಾರರು ಅದನ್ನು ಹೆಚ್ಚು ಮುಟ್ಟಲಿಲ್ಲ. ಯಾಕೆ ಅಂತ ಬೋರ್ಡ್ ನೋಡಿದರೆ ತಿಳಿಯುತ್ತದೆ.

ಅಕ್ಷರ, ಅಂಕಿ ಸೇರಿದರೆ ಬೋರ್ಡಿನ ಒಂದು ಮನೆ; ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನದು. 1.ಇ4 ಇ5, 2.ಕುದುರೆ ಎಫ್3 ಕುದುರೆ ಸಿ6, 3.ಒಂಟೆ ಬಿ5 ಕುದುರೆ ಎಫ್6. ಬಿಳಿ ಕ್ಯಾಸಲ್ ಮಾಡುತ್ತದೆ (ರಾಜ, ಆನೆ ಒಂದೇ ನಡೆಯಲ್ಲಿ ಜಾಗ ಬದಲಿಸಿ ರಾಜ ಮೂಲೆಯ ಕಡೆ ಸೇರುವುದು), ಕಪ್ಪು ಕುದುರೆ ಇ4ರ ಕಾಲಾಳನ್ನು ತಿನ್ನುತ್ತದೆ. 5.ಡಿ4 ಕುದುರೆ ಡಿ6, ಆಮೇಲೆ ಸಾಲಾಗಿ ಹೊಡೆದಾಟ. ಕೊನೆಗೆ ಬಿಳಿ ರಾಣಿ ಡಿ8ರಲ್ಲಿ ರಾಣಿಯನ್ನು ಹೊಡೆದಾಗ ಕಪ್ಪು ರಾಜನೇ ಅದನ್ನು ತಿನ್ನಬೇಕು. ಕ್ಯಾಸಲ್ ಹೋಯ್ತು. ಸಿ ಸಾಲಿನಲ್ಲಿ ಕಾಲಾಳು ಒಂದರ ಹಿಂದೆ ಒಂದು. ನೋಡಿದರೆ ಕಪ್ಪಿನ ಕಥೆ ಮುಗಿದ ಹಾಗೇ ಅಲ್ವಾ?

ಲೆಕ್ಕವೂ ಬಿಳಿ ಕಡೆಗೇ ಇದೆ. ರಾಜನ ಬದಿಯಲ್ಲಿ ಬಿಳಿಗೆ ನಾಲ್ಕು ಕಾಲಾಳು, ಕಪ್ಪಿಗೆ ಮೂರು. ಇನ್ನೊಂದು ಬದಿಯಲ್ಲಿ ಕಪ್ಪಿಗೆ ನಾಲ್ಕಿದ್ದರೂ ಜೋಡಿ ಕಾಲಾಳಿನಿಂದಾಗಿ ಅಲ್ಲಿ ಎದುರಾಳಿ ಕಾಲಾಳಿನ ತಡೆಯಿಲ್ಲದೆ ಮುಂದೆ ಹೋಗುವ ಕಾಲಾಳನ್ನು ಹುಟ್ಟಿಸುವುದು ಕಷ್ಟ. ಕಾಯಿಗಳೆಲ್ಲ ಖಾಲಿಯಾಗಿ ರಾಜ, ಕಾಲಾಳು ಮಾತ್ರ ಉಳಿದರೆ ಸಾಮಾನ್ಯವಾಗಿ ಬಿಳಿಗೇ ಗೆಲುವು. ಹಾಗಾಗಿ ಬಿಳಿಯ ಪ್ಲ್ಯಾನ್ ಸರಳ: ಎಚ್3, ಜಿ4, ಎಫ್4, ಆಮೇಲೆ ಎಫ್5. ಜೊತೆಗೆ ಆದಷ್ಟು ಕಾಯಿ ಬದಲಾಯಿಸಿಕೊಳ್ಳುವುದು. ಕೆಲವೊಮ್ಮೆ ಇ6 ತಳ್ಳಿ ಕಾಲಾಳನ್ನೇ ಬಲಿ ಕೊಟ್ಟು, ಇ5 ಮನೆಯನ್ನು ಕುದುರೆಗೆ ಬಿಟ್ಟುಕೊಡುವುದೂ ಉಂಟು.

ಕಪ್ಪಿನ ಆಸ್ತಿ ಎರಡು ಒಂಟೆ. ಇ5ರ ಬಿಳಿ ಕಾಲಾಳು ಬಲ ಅಂತ ಕಂಡರೂ ಅದು ನಿಂತಿರುವುದು ಕಪ್ಪು ಮನೆಯಲ್ಲಿ, ಬಿಳಿಗೆ ಉಳಿದಿರುವ ಒಂಟೆ ಓಡಾಡುವುದೂ ಕಪ್ಪು ಮನೆಗಳಲ್ಲೇ. ಸ್ವಂತ ಕಾಲಾಳೇ ದಾರಿಗೆ ಅಡ್ಡ. ಇ6ರಲ್ಲಿ ಒಂಟೆಯನ್ನೋ ಕುದುರೆಯನ್ನೋ ನಿಲ್ಲಿಸಿ, ಎಚ್5 ಆಡಿ ಜಿ4 ತಡೆದರೆ ಬಿಳಿಯ ಆ ನಾಲ್ವರು ಸುಮ್ನೆ ನಿಂತುಬಿಡುತ್ತಾರೆ. ರಾಜನಿಗೂ ಭಯವಿಲ್ಲ. ಇ8ಕ್ಕೋ ಸಿ8ಕ್ಕೋ ನಿಧಾನವಾಗಿ ನಡೆದು ಹೋಗುತ್ತಾನೆ.

ಬರ್ಲಿನ್ ಬೋರು ಅನ್ನುವವರಿಗೆ ನಾನು ತೋರಿಸುವುದು 2014ರಲ್ಲಿ ಸೋಚಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದ 11ನೇ ಆಟ. ಕಾರ್ಲ್‌ಸನ್ ಬಿಳಿ, ನಮ್ಮ ಆನಂದ್ ಕಪ್ಪು. ಆನಂದ್ ರಾಜನನ್ನು ಬಿ7ಕ್ಕೆ ಒಯ್ದು, 23ನೇ ನಡೆಯಲ್ಲಿ ಬಿ5 ತಳ್ಳಿದರು. ಹಿಂದುಳಿದಿದ್ದ ಬದಿಯೇ ಜೀವ ತಳೆಯಿತು. ಕಪ್ಪು ರಾಜ ಸಿ6ಕ್ಕೆ, ಬಿಳಿ ರಾಜ ಇ4ಕ್ಕೆ: ಇಬ್ಬರೂ ಬಯಲಿಗೆ ಬಂದು ನಿಂತರು! ಅಲ್ಲಿ ಆನಂದ್ ತಾಳ್ಮೆ ಕಳೆದುಕೊಂಡರು ಅನ್ನಿಸುತ್ತದೆ. 27ನೇ ನಡೆಯಲ್ಲಿ ಆನೆಯನ್ನು ಬಿ4ಕ್ಕೆ ಇಟ್ಟು ಒಂಟೆಗೆ ಕೊಟ್ಟರು. ಅದು ದಕ್ಕಲಿಲ್ಲ. 45ನೇ ನಡೆಗೆ ಆಟವೂ ಮುಗಿಯಿತು, ಪಂದ್ಯವೂ.

ಬಿಳಿಯವರೂ ಈ ಜಗಳ ಬೇಡ ಅಂತ ಈಗ ಜಾಸ್ತಿ 4.ಡಿ3 ಆಡುತ್ತಾರೆ. ಇದು ಮೊದಲ ವಿಶ್ವ ಚಾಂಪಿಯನ್ ಸ್ಟೈನಿಟ್ಜ್ ಕಾಲದ ನಡೆ. ರಾಣಿ ಉಳಿಯುತ್ತದೆ, ಆಟ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. 2013ರಲ್ಲಿ ಚೆನ್ನೈನಲ್ಲಿ ಕಾರ್ಲ್‌ಸನ್ ಎದುರಿನ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದ 6ನೇ ಆಟದಲ್ಲಿ ಆನಂದ್ ಇದನ್ನೇ ಆಡಿ, ಕೊನೆಗೆ ಆನೆಗಳ ಆಟದಲ್ಲಿ ಸೋತಿದ್ದರು.

ನಿಜಕ್ಕೂ ಬೋರು ಇನ್ನೊಂದು ದಾರಿ. 6ನೇ ನಡೆಯಲ್ಲಿ ಬಿಳಿ ಸಿ6ರ ಕುದುರೆ ಬಿಟ್ಟು ಇ5 ಹೊಡೆದು, ಒಂಟೆ ಕೊಟ್ಟು, ಎ4 ಆಡುತ್ತದೆ. ಸ್ವಲ್ಪದರಲ್ಲೇ ಬಿಳಿ ರಾಣಿ ಇ4, ಡಿ4 ನಡುವೆ ಓಡಾಡುತ್ತದೆ, ಕಪ್ಪು ರಾಣಿ ಇ6, ಡಿ6 ನಡುವೆ. ಒಂದೇ ಸ್ಥಿತಿ ಮೂರು ಸಲ ಬಂದರೆ ಡ್ರಾ. ಮಾತಾಡಿಕೊಂಡು ಡ್ರಾ ಮಾಡಬಾರದು ಅನ್ನುವ ನಿಯಮ ಇರುವ ಟೂರ್ನಿಯಲ್ಲೂ ಇದನ್ನು ತಡೆಯಲು ಆಗುವುದಿಲ್ಲ.