ಪದ ಪರಿಚಯ: ಸ್ಟೇಜ್ 1, ಸ್ಟೇಜ್ 2 ಅಂದರೆ ಏನು?

ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಸೈಡ್-ಬೈ-ಸೈಡ್ ಗಾಡಿಗಳ ಜಾಹೀರಾತು ನೋಡಿದವರಿಗೆ ಈ ಮಾತು ಗೊತ್ತಿರುತ್ತದೆ: ‘ಸ್ಟೇಜ್ 2 ಆಗಿದೆ, ಫುಲ್ ಎಕ್ಸಾಸ್ಟ್, ಟ್ಯೂನ್ ಮಾಡಿಸಿದೆ.’ ಬಿಡಿಭಾಗ ಮಾರುವವರ ಪಟ್ಟಿಯಲ್ಲೂ ಇದೇ ಭಾಷೆ. ಸ್ಟೇಜ್ 1ಕ್ಕೆ ಇಷ್ಟು ಡಾಲರ್, ಸ್ಟೇಜ್ 3ಕ್ಕೆ ಇಷ್ಟು. ಓದಿದರೆ ಯಾವುದೋ ಸರ್ಕಾರಿ ಗ್ರೇಡ್ ಇದ್ದ ಹಾಗೆ ಕಾಣುತ್ತದೆ. ಅಂಥದ್ದೇನೂ ಇಲ್ಲ. ಈ ನಂಬರ್‌ಗೆ ಯಾವ ಸಂಸ್ಥೆಯ ಮಾನದಂಡವೂ ಇಲ್ಲ, ಅಂಗಡಿಯವರು ತಾವೇ ಇಟ್ಟುಕೊಂಡದ್ದು. ನಮ್ಮ ಹೋಟೆಲುಗಳ ‘ಸ್ಪೆಷಲ್ ಊಟ’ ಇದ್ದ ಹಾಗೆ: ಒಂದು ಕಡೆ ಪಾಯಸ, ಹೋಳಿಗೆ ಎರಡೂ ಬರುತ್ತವೆ, ಇನ್ನೊಂದು ಕಡೆ ಬರೀ ಹಪ್ಪಳ ಜಾಸ್ತಿ.

ಗಾಡಿ ಪರಿಚಯ ಇಲ್ಲದವರಿಗೆ ಎರಡು ಮಾತು. ಸೈಡ್-ಬೈ-ಸೈಡ್ ಅಂದರೆ ಅಕ್ಕಪಕ್ಕ ಕೂರುವ, ಸ್ಟೀರಿಂಗ್ ಮತ್ತು ಸೀಟ್ ಬೆಲ್ಟ್ ಇರುವ, ತಲೆಯ ಮೇಲೆ ಉಕ್ಕಿನ ಪೈಪುಗಳ ಪಂಜರ ಇರುವ ಆಫ್-ರೋಡ್ ಗಾಡಿ. ಪೊಲಾರಿಸ್ ಆರ್‌ಝಡ್‌ಆರ್, ಕ್ಯಾನ್-ಆ್ಯಮ್ ಮಾವೆರಿಕ್, ಹೋಂಡಾ ಟ್ಯಾಲನ್, ಯಮಾಹಾ ವೈಎಕ್ಸ್‌ಝಡ್ ಎಲ್ಲ ಇದೇ ಜಾತಿ. ಈ ಸ್ಪೋರ್ಟ್ ಮಾಡೆಲ್‌ಗಳಲ್ಲಿ ಎಂಜಿನ್ ಸಾಮಾನ್ಯವಾಗಿ ಸೀಟಿನ ಬೆನ್ನ ಹಿಂದೆಯೇ ಇರುತ್ತದೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಒಟ್ಟಾರೆ ರೂಢಿ ಹೀಗಿದೆ. ಸ್ಟೇಜ್ 1 ಅಂದರೆ ಟ್ಯೂನ್ (ಎಂಜಿನ್ನಿನ ಕಂಪ್ಯೂಟರಿನ ಲೆಕ್ಕ ತಿದ್ದುವುದು), ಜೊತೆಗೆ ಕೆಲವೊಮ್ಮೆ ಹೊಸ ಸೈಲೆನ್ಸರ್. ಸ್ಟೇಜ್ 2 ಅಂದರೆ ಪೂರ್ತಿ ಎಕ್ಸಾಸ್ಟ್ (ಹೊಗೆ ಹೊರಹೋಗುವ ಇಡೀ ಪೈಪ್), ಗಾಳಿ ಒಳಗೆ ಬರುವ ಇನ್‌ಟೇಕ್, ಅದಕ್ಕೆ ತಕ್ಕ ಟ್ಯೂನ್, ಕೆಲವರು ಕ್ಲಚ್ ಕಿಟ್ ಕೂಡ ಸೇರಿಸುತ್ತಾರೆ. ಸ್ಟೇಜ್ 3 ಅಂದರೆ ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರ್, ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ತುರುಕುವ ದೊಡ್ಡ ಟರ್ಬೊ. ಅದರಾಚೆಗೆ ಎಂಜಿನ್ ಬಿಚ್ಚಿ ಹೆಚ್ಚು ಗಟ್ಟಿಯಾದ ಫೋರ್ಜ್ಡ್ ಪಿಸ್ಟನ್ ಹಾಕುವುದು. ಆದರೆ ಒಬ್ಬರ ಸ್ಟೇಜ್ 2 ಇನ್ನೊಬ್ಬರ ಸ್ಟೇಜ್ 1 ಆಗಿರಬಹುದು. ಆದ್ದರಿಂದ ನಂಬರ್ ಬಿಟ್ಟುಬಿಡಿ, ಪೆಟ್ಟಿಗೆಯಲ್ಲಿ ಏನೇನಿದೆ ಅಂತ ಕೇಳಿ.

ಮೊದಲು ಎಲ್ಲರ ಕಣ್ಣು ಬೀಳುವುದು ಸೈಲೆನ್ಸರ್ ಮೇಲೆ. ಸ್ಲಿಪ್-ಆನ್ ಅಂದರೆ ಕೊನೆಯ ಡಬ್ಬಿ ಮಾತ್ರ ಬದಲಿಸುವುದು. ಕಂಪನಿಯ ಪೈಪ್ ಹಾಗೇ ಇರುತ್ತದೆ, ಹಿಂದಿನ ಭಾಗ ಕಳಚಿ ಹೊಸದು ತೂರಿಸಿ ಸ್ಪ್ರಿಂಗ್ ಅಥವಾ ಕ್ಲಾಂಪ್ ಹಾಕುತ್ತಾರೆ. ತೂಕ ಒಂದಷ್ಟು ಇಳಿಯುತ್ತದೆ, ಸೌಂಡ್ ಬದಲಾಗುತ್ತದೆ. ಶಕ್ತಿ? ಟರ್ಬೊ ಇಲ್ಲದ ಗಾಡಿಯಲ್ಲಿ ಸ್ಲಿಪ್-ಆನ್ ಒಂದರಿಂದಲೇ ಸೀಟಿಗೆ ತಿಳಿಯುವಷ್ಟು ಪಿಕಪ್ ಬರುತ್ತದೆ ಅನ್ನುವುದು ಹೆಚ್ಚಾಗಿ ಕಿವಿಯ ಮಾತು. ಶಬ್ದ ಜೋರಾದರೆ ಗಾಡಿ ಜೋರಾಯಿತು ಅನ್ನಿಸುವುದು ಮನುಷ್ಯ ಸಹಜ, ಅಲ್ವಾ?

ಆರ್‌ಝಡ್‌ಆರ್ ಎಕ್ಸ್‌ಪಿ 1000 ತೆಗೆದುಕೊಳ್ಳಿ. 999 ಸಿಸಿ, ಎರಡು ಸಿಲಿಂಡರ್, ಕಂಪನಿಯಿಂದಲೇ 110 ಹಾರ್ಸ್‌ಪವರ್ ಆಸುಪಾಸು. ಟರ್ಬೊ ಇಲ್ಲ. ಅಂದರೆ ವಾತಾವರಣದ ಒತ್ತಡ ಎಷ್ಟು ಗಾಳಿ ತಳ್ಳುತ್ತದೋ ಅಷ್ಟೇ ಎಂಜಿನ್ ಒಳಗೆ ಹೋಗುವುದು. ಅಂಥ ಎಂಜಿನ್‌ನಲ್ಲಿ ಹೆಡರ್‌ನಿಂದ (ಎಂಜಿನ್ನಿಗೆ ಅಂಟಿದ ಮೊದಲ ಪೈಪ್) ಹಿಡಿದು ಪೂರ್ತಿ ಎಕ್ಸಾಸ್ಟ್ ಬದಲಿಸಿ ಟ್ಯೂನ್ ಮಾಡಿದರೂ ಸಿಗುವುದು ಸಣ್ಣ ಲಾಭ. ಪೈಪಿನ ಉದ್ದ ಮತ್ತು ಅಗಲ ಸರಿಯಾಗಿದ್ದರೆ ಒಂದು ಸಿಲಿಂಡರಿನಿಂದ ಹೊರಬಿದ್ದ ಹೊಗೆಯ ಅಲೆ ಮುಂದಿನ ಸುತ್ತಿನ ಹೊಗೆಯನ್ನು ಎಳೆದುಕೊಳ್ಳುತ್ತದೆ. ಆದರೆ ಅದು ಒಂದು ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ವಲಯದಲ್ಲಿ ಮಾತ್ರ. ತೀರಾ ಅಗಲದ ಪೈಪ್ ಹಾಕಿದರೆ ಮೇಲಿನ ಆರ್‌ಪಿಎಂನಲ್ಲಿ ಸ್ವಲ್ಪ ಸಿಕ್ಕಿ, ಕಲ್ಲುಬಂಡೆ ಹತ್ತುವಾಗ ಬೇಕಾದ ಕೆಳಗಿನ ಎಳೆತ ಕಡಿಮೆಯಾಗಬಹುದು. ‘ಎಂಜಿನ್‌ಗೆ ಬ್ಯಾಕ್ ಪ್ರೆಶರ್ ಬೇಕೇ ಬೇಕು’ ಅನ್ನುವ ಹಳೇ ಮಾತು ಹುಟ್ಟಿದ್ದು ಇಂಥ ಅನುಭವದಿಂದಲೇ. ನಿಜವಾಗಿ ಬೇಕಾದದ್ದು ತಡೆ ಅಲ್ಲ, ಹೊಗೆಯ ವೇಗ.

ಟರ್ಬೊ ಗಾಡಿಯ ಕಥೆಯೇ ಬೇರೆ. ಅಲ್ಲಿ ಎಷ್ಟು ಗಾಳಿ ತುರುಕಬೇಕು ಅಂತ ನಿರ್ಧರಿಸುವುದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್. ಟ್ಯೂನ್ ಅಂದರೆ ಅದರೊಳಗಿನ ಲೆಕ್ಕದ ಪಟ್ಟಿಗಳನ್ನು ತಿದ್ದುವುದು: ಎಷ್ಟು ಪೆಟ್ರೋಲ್, ಯಾವಾಗ ಕಿಡಿ, ಎಷ್ಟು ಬೂಸ್ಟ್ (ಟರ್ಬೊ ತುರುಕುವ ಗಾಳಿಯ ಒತ್ತಡ). ಡೈನೋಜೆಟ್‌ನಂಥ ಕಂಪನಿಗಳು ಇದಕ್ಕೆಂದೇ ಕೈಯಲ್ಲಿ ಹಿಡಿಯುವ ಸಾಧನ ಮಾರುತ್ತವೆ. ಟರ್ಬೊ ಗಾಡಿಯಲ್ಲಿ ಬರೀ ಟ್ಯೂನ್‌ನಿಂದಲೇ ಹತ್ತಾರು ಹಾರ್ಸ್‌ಪವರ್ ಏರುತ್ತದೆ. ಟರ್ಬೈನ್ (ಟರ್ಬೊದೊಳಗೆ ಹೊಗೆಗೆ ತಿರುಗುವ ಚಕ್ರ) ದಾಟಿದ ಮೇಲಿನ ಪೈಪ್ ಸಲೀಸಾಗಿದ್ದರೆ ಟರ್ಬೊ ಬೇಗ ತಿರುಗುತ್ತದೆ, ಆದ್ದರಿಂದ ಇಲ್ಲಿ ಎಕ್ಸಾಸ್ಟ್‌ಗೂ ಬೆಲೆ ಇದೆ. ಆದರೂ ದುಡ್ಡು ಮಿತಿಯಲ್ಲಿದ್ದರೆ ನನ್ನ ಮತ ಮೊದಲು ಟ್ಯೂನ್‌ಗೆ, ಪೈಪ್ ಆಮೇಲೆ.

ಟ್ಯೂನ್ ಯಾಕೆ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಗಾಳಿ-ಪೆಟ್ರೋಲ್ ಅನುಪಾತ. ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಇದ್ದರೆ ಎರಡೂ ಪೂರ್ತಿ ಉರಿದುಹೋಗುತ್ತವೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಹೆಚ್ಚು ಶಕ್ತಿ ಸಿಗುವುದು 12.5 - 13ರ ಸುತ್ತ. ಟರ್ಬೊ ಎಂಜಿನ್‌ನಲ್ಲಿ ಬಿಸಿ ತಡೆಯಲು ಇನ್ನೂ ಸ್ವಲ್ಪ ಜಾಸ್ತಿ ಪೆಟ್ರೋಲ್ ಕೊಡುತ್ತಾರೆ. ಸ್ಲಿಪ್-ಆನ್ ಹಾಕಿದ ಮಾತ್ರಕ್ಕೆ ಈ ಲೆಕ್ಕ ಅಷ್ಟೇನೂ ಕೆಡುವುದಿಲ್ಲ. ಪೂರ್ತಿ ಎಕ್ಸಾಸ್ಟ್, ಇನ್‌ಟೇಕ್ ಎರಡೂ ಬದಲಿಸಿ ಟ್ಯೂನ್ ಬಿಟ್ಟರೆ ಗಾಳಿ ಜಾಸ್ತಿ, ಪೆಟ್ರೋಲ್ ಹಳೆಯಷ್ಟೇ ಆಗಬಹುದು. ಆಗ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಕೊನೆಗೆ ಪಿಸ್ಟನ್ ತಲೆ ಕರಗುವವರೆಗೂ ಹೋಗಬಹುದು.

ಟ್ಯೂನ್ ಫೈಲುಗಳಿಗೆ 91, 93, ಇ85 ಅಂತ ಹೆಸರಿರುತ್ತದೆ. 91, 93 ಅನ್ನುವುದು ಪೆಟ್ರೋಲಿನ ಆಕ್ಟೇನ್, ಅಂದರೆ ಒತ್ತಡದಲ್ಲಿ ತಾನಾಗಿ ಸಿಡಿಯದೆ ತಡೆಯುವ ಶಕ್ತಿಯ ಅಳತೆ. ಇ85 ಆಕ್ಟೇನ್ ಅಲ್ಲ, ಎಥನಾಲ್ ಹೆಚ್ಚಿರುವ ಇಂಧನದ ಹೆಸರು. ಕ್ಯಾಲಿಫೋರ್ನಿಯಾದ ಸಾಮಾನ್ಯ ಪಂಪುಗಳಲ್ಲಿ ಸಿಗುವ ಪ್ರೀಮಿಯಂ 91. ಅಲ್ಲಿ 93ರ ಫೈಲ್ ಹಾಕಿಕೊಂಡರೆ ಪೆಟ್ರೋಲ್ ಹದ ತಪ್ಪಿ ತಾನಾಗಿ ಸಿಡಿದು ಎಂಜಿನ್ ಒಳಗೆ ಟಕಟಕ ಸದ್ದು ಶುರುವಾಗಬಹುದು. ಭಾರತದಿಂದ ಹೋದವರು ಒಂದು ಗಮನಿಸಬೇಕು: ಆಕ್ಟೇನ್ ಅಳೆಯುವ ಕ್ರಮ ಎರಡು, ಆರ್‌ಒಎನ್ ಮತ್ತು ಎಂಒಎನ್. ನಮ್ಮ ಪಂಪಿನ ನಂಬರ್ ಆರ್‌ಒಎನ್. ಅಮೆರಿಕದ ನಂಬರ್ ಆರ್‌ಒಎನ್, ಎಂಒಎನ್ ಎರಡರ ಸರಾಸರಿ. ಅಲ್ಲಿನ 91 ನಮ್ಮ ಲೆಕ್ಕದಲ್ಲಿ ಸುಮಾರು 95. ಎರಡೂ 91 ಒಂದೇ ಅಲ್ಲ.

ಈಗ ಅಂಗಡಿಯ ಪಟ್ಟಿಯಲ್ಲಿ ಕೊನೆಗೆ ಬರುವ, ನಿಜಕ್ಕೂ ಮೊದಲು ಬರಬೇಕಾದ ವಿಷಯ: ಕ್ಲಚ್. ಟ್ಯಾಲನ್, ವೈಎಕ್ಸ್‌ಝಡ್ ಬಿಟ್ಟರೆ ಇಂಥ ಗಾಡಿಗಳಲ್ಲಿ ಹೆಚ್ಚಿನವು ಸಿವಿಟಿ. ನಮ್ಮ ಆಕ್ಟಿವಾದಲ್ಲಿ ಇರುವ ತತ್ವವೇ, ಗಾತ್ರ ದೊಡ್ಡದು. ಎರಡು ರಾಟೆ, ನಡುವೆ ರಬ್ಬರ್ ಬೆಲ್ಟ್. ಈ ರಾಟೆಗಳಿಗೇ ಇಲ್ಲಿ ಕ್ಲಚ್ ಅನ್ನುತ್ತಾರೆ. ಮುಂದಿನ ರಾಟೆಯೊಳಗಿನ ಸಣ್ಣ ತೂಕಗಳು ತಿರುಗುವ ರಭಸಕ್ಕೆ ಹೊರಕ್ಕೆ ಸರಿದು ಬೆಲ್ಟನ್ನು ಒತ್ತುತ್ತವೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಂಜಿನ್ ತನ್ನ ಗರಿಷ್ಠ ಶಕ್ತಿಯ ಆರ್‌ಪಿಎಂನಲ್ಲೇ ನಿಲ್ಲುವಂತೆ ಈ ತೂಕ, ಸ್ಪ್ರಿಂಗುಗಳನ್ನು ಕಂಪನಿ ಲೆಕ್ಕ ಹಾಕಿಟ್ಟಿರುತ್ತದೆ. ನೀವು ಶಕ್ತಿ ಏರಿಸಿದ ತಕ್ಷಣ ಆ ಲೆಕ್ಕ ತಪ್ಪುತ್ತದೆ. ಎಂಜಿನ್ ಕಿರುಚುತ್ತಾ ಲಿಮಿಟರ್‌ಗೆ (ಆರ್‌ಪಿಎಂನ ಕೊನೆಯ ಮಿತಿ) ಹೋಗಿ ಬಡಿಯುತ್ತದೆ, ಬೆಲ್ಟ್ ಜಾರುತ್ತದೆ, ಗಾಡಿ ಮಾತ್ರ ಅಷ್ಟಾಗಿ ಮುಂದೆ ಹೋಗುವುದಿಲ್ಲ. ಕೆಲವೇ ಗ್ರಾಂ ಜಾಸ್ತಿ ತೂಕದ ತುಂಡು ಹಾಕಿದರೆ ಸರಿಹೋಗುತ್ತದೆ. ಕ್ಲಚ್ ಕಿಟ್ ಅನ್ನುವುದು ಮುಖ್ಯವಾಗಿ ಇಂಥ ತೂಕ, ಸ್ಪ್ರಿಂಗುಗಳೇ.

ಬೆಲ್ಟ್ ಕವರ್ ಬಿಚ್ಚಿ ನೋಡಿದರೆ ಗಾಡಿಯ ಜಾತಕ ಗೊತ್ತಾಗುತ್ತದೆ. ಬೆಲ್ಟಿನ ಎರಡೂ ಪಕ್ಕ ಮಂಕಾಗಿದ್ದರೆ ಒಳ್ಳೆಯದು. ಕನ್ನಡಿಯಂತೆ ಹೊಳೆಯುತ್ತಿದ್ದರೆ ಜಾರಿ ಕಾದಿದೆ. ಒಂದೇ ಜಾಗದಲ್ಲಿ ಸವೆದು ಸೊಂಟದ ಹಾಗೆ ಕಿರಿದಾಗಿದ್ದರೆ, ಗಾಡಿ ನಿಂತಲ್ಲೇ ಸಿಕ್ಕಿಕೊಂಡಾಗ ಯಾರೋ ಸುಮ್ನೆ ಆಕ್ಸಿಲರೇಟರ್ ತುಳಿದಿದ್ದಾರೆ. ಮರಳುಗುಡ್ಡದ ಮೇಲೆ ಬೆಲ್ಟ್ ಹರಿದರೆ ಒಳಗಿನ ನೂಲು ರಾಟೆಯ ಸುತ್ತ ಸುತ್ತಿಕೊಂಡಿರುತ್ತದೆ. ಕಾದ ಕವರ್ ಬಿಚ್ಚಿ, ಒಂದೊಂದೇ ಎಳೆ ಕಿತ್ತು ತೆಗೆದು, ರಬ್ಬರ್ ಚೂರುಗಳನ್ನೆಲ್ಲ ಊದಿ ಹೊರಹಾಕಿ, ಆಮೇಲೆ ಹೊಸ ಬೆಲ್ಟ್. ಚೂರು ಒಳಗೇ ಉಳಿದರೆ ಹೊಸದೂ ಬೇಗ ಹೋಗುತ್ತದೆ. ಅನುಭವಿಗಳ ಗಾಡಿಯಲ್ಲಿ ಸ್ಪೇರ್ ಬೆಲ್ಟ್ ಇದ್ದೇ ಇರುತ್ತದೆ.

ಶಕ್ತಿ ಏರಿಸಿದಾಗ ಕ್ಲಚ್ ಬದಲಿಸುವುದನ್ನು ಕಂಪನಿಗಳೂ ಮಾಡಿವೆ. ಕ್ಯಾನ್-ಆ್ಯಮ್ ಮಾವೆರಿಕ್ ಎಕ್ಸ್3 ಟರ್ಬೊದ ಮೂರು ಸಿಲಿಂಡರ್, 900 ಸಿಸಿ ರೋಟ್ಯಾಕ್ಸ್ ಎಂಜಿನ್ 2017ರ ಮಾಡೆಲ್‌ನಲ್ಲಿ 154 ಹಾರ್ಸ್‌ಪವರ್ ಇತ್ತು. 2018ರಲ್ಲಿ 172, 2020ರಲ್ಲಿ 195. ಆ 195ರ ಜೊತೆ ಪಿ-ಡ್ರೈವ್ ಎಂಬ ಹೊಸ ಕ್ಲಚ್ ಕೂಡ ಬಂತು. ಎಂಜಿನ್ ಮಾಡಿದವರೇ ಹಳೇ ಕ್ಲಚ್ ಸಾಲದು ಅಂದುಕೊಂಡ ಮೇಲೆ, ಬರೀ ಟ್ಯೂನ್ ಹಾಕಿಕೊಂಡು ಹೊರಡುವವರು ಸ್ವಲ್ಪ ಯೋಚಿಸಬೇಕು.

ಇನ್ನು ಕಾನೂನು. ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಸ್ಪಾರ್ಕ್ ಅರೆಸ್ಟರ್ ಬೇಕು. ಹೊಗೆಯ ಜೊತೆ ಬರುವ ಉರಿಯುವ ಇಂಗಾಲದ ಕಣ ಹೊರಬೀಳದಂತೆ ಸೈಲೆನ್ಸರ್ ಒಳಗೆ ಇರುವ ವ್ಯವಸ್ಥೆ ಅದು, ಸಾಮಾನ್ಯವಾಗಿ ಒಂದು ಜಾಲರಿ. ಒಣಹುಲ್ಲಿನ ಮೇಲೆ ಒಂದು ಕಿಡಿ ಬಿದ್ದರೆ ಸಾಕಲ್ಲ. ರೇಸ್ ಪೈಪುಗಳಲ್ಲಿ ಇದು ಇಲ್ಲದಿರಬಹುದು, ಕೇಳಿಯೇ ಕೊಳ್ಳಬೇಕು. ಕ್ಯಾಲಿಫೋರ್ನಿಯಾದಲ್ಲಿ 1986ರ ಜನವರಿ 1ರಿಂದ ಈಚೆಗೆ ತಯಾರಾದ ಆಫ್-ರೋಡ್ ಗಾಡಿಗಳಿಗೆ ಶಬ್ದದ ಮಿತಿ 96 ಡೆಸಿಬಲ್. ಅಳೆಯುವ ಕ್ರಮ ಸರಳ: ಪೈಪಿನ ಬಾಯಿಯಿಂದ 20 ಇಂಚು ದೂರ, 45 ಡಿಗ್ರಿ ಓರೆಯಲ್ಲಿ ಮೀಟರ್ ಹಿಡಿದು, ಎಂಜಿನ್ನನ್ನು ಗರಿಷ್ಠ ಆರ್‌ಪಿಎಂನ ಅರ್ಧದಲ್ಲಿ ನಿಲ್ಲಿಸುತ್ತಾರೆ. ಪೆಟ್ಟಿಗೆ ಮೇಲೆ ‘ಗಂಭೀರ ಸದ್ದು’ ಅಂತ ಬರೆದಿದ್ದರೆ ಪ್ರಯೋಜನವಿಲ್ಲ, ಈ ಪರೀಕ್ಷೆಯಲ್ಲಿ ಎಷ್ಟು ಬಂತು ಅಂತ ಕೇಳಿ. ಹೊಗೆ ನಿಯಂತ್ರಣದ ಭಾಗ ಕಿತ್ತುಹಾಕುವುದು ಅಲ್ಲಿನ ಕ್ಲೀನ್ ಏರ್ ಆ್ಯಕ್ಟ್ ಪ್ರಕಾರ ತಪ್ಪು, ‘ರಸ್ತೆ ಮೇಲೆ ಓಡಿಸಲ್ಲ’ ಅನ್ನುವುದು ನೆಪವಾಗುವುದಿಲ್ಲ. ನಮ್ಮಲ್ಲಿ ಪೊಲೀಸರು ಬೈಕ್ ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಹತ್ತಿಸಿದ ಫೋಟೊ ನೋಡಿದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ.

ಎಂಜಿನ್ ಬೆನ್ನ ಹಿಂದೆ ಇದೆ ಅಂದೆನಲ್ಲ. ಕಾದ ಪೈಪ್, ಪ್ಲಾಸ್ಟಿಕ್ ಬಾಡಿ, ಪೆಟ್ರೋಲ್ ಲೈನ್ ಎಲ್ಲವೂ ಆ ಇಕ್ಕಟ್ಟಿನಲ್ಲೇ. 2016ರ ಏಪ್ರಿಲ್‌ನಲ್ಲಿ ಬೆಂಕಿಯ ಅಪಾಯದಿಂದಾಗಿ ಸುಮಾರು 1,33,000 ಆರ್‌ಝಡ್‌ಆರ್ ಗಾಡಿಗಳನ್ನು ಪೊಲಾರಿಸ್ ವಾಪಸ್ ಕರೆದಿತ್ತು. ಅವು ಯಾರೂ ಕೈಯಾಡಿಸದ ಮಾಡೆಲ್‌ನಲ್ಲೇ ಕಂಡ ಅಪಾಯ. ಹೊಸ ಪೈಪ್ ಹಾಕುವಾಗ ಹೀಟ್ ಶೀಲ್ಡ್ (ಬಿಸಿ ತಡೆಯುವ ತಗಡು) ಸರಿಯಾಗಿ ಕೂರದಿದ್ದರೆ ‘ಇರಲಿ ಬಿಡಿ’ ಅಂತ ಪಕ್ಕಕ್ಕಿಡುವ ಮೆಕ್ಯಾನಿಕ್ ಹತ್ತಿರ ಹೋಗಬೇಡಿ. ಹಾಗೆಯೇ ಮರಳಿನಲ್ಲಿ ಓಡಿಸುವವರು ಇನ್‌ಟೇಕ್ ಕೊಳ್ಳುವಾಗ ‘ಎಷ್ಟು ಗಾಳಿ’ ಅನ್ನುವುದಕ್ಕಿಂತ ‘ಎಷ್ಟು ದೂಳು ತಡೆಯುತ್ತದೆ’ ಅಂತ ಕೇಳಬೇಕು. ದೂಳು ಕುಡಿದ ಎಂಜಿನ್‌ಗೆ ಯಾವ ಸ್ಟೇಜೂ ಸಹಾಯ ಮಾಡುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಕೊನೆಯ ಮಾತು. ಮಾರುವವರು ಸ್ಟೇಜ್ 2 ಅಂದರೆ ಟ್ಯೂನ್ ಯಾರದ್ದು, ಯಾವ ಆಕ್ಟೇನಿಗೆ ಮಾಡಿದ್ದು, ಕಂಪನಿಯ ಮೂಲ ಫೈಲ್ ಉಳಿಸಿಕೊಂಡಿದ್ದಾರಾ ಅಂತ ಕೇಳಿ. ವಾರಂಟಿ ಬಾಕಿ ಇದ್ದರೆ, ಇಸಿಯುಗೆ ಕೈಹಾಕಿದ ಗುರುತು ಡೀಲರ್‌ಗೆ ಸಿಗಬಹುದು ಅನ್ನುವುದೂ ಗೊತ್ತಿರಲಿ. ಕಳಚಿಟ್ಟ ಹಳೇ ಸೈಲೆನ್ಸರ್ ಇದೆಯಾ ಅಂತಲೂ ಕೇಳಿ, ಇದ್ದರೆ ಗಾಡಿ ಜೊತೆಗೇ ಇಸ್ಕೊಳ್ಳಿ. ಆಮೇಲೆ ಬೆಲ್ಟ್ ಕವರ್ ತೆಗೆಸಿ. ಅಲ್ಲಿ ಕ್ಲಚ್ ತೂಕಗಳು ಇನ್ನೂ ಕಂಪನಿಯವೇ ಆಗಿದ್ದರೆ ಬೆಲೆಯಲ್ಲಿ ಚೌಕಾಸಿ ಮಾಡಲು ನಿಮಗೆ ಒಳ್ಳೇ ಕಾರಣ ಸಿಕ್ಕಿತು.