ಡಬ್ಬಿಯ ಮೇಲೆ ಬರೆದಷ್ಟು ವಿಟಮಿನ್ ಸಿ ಒಳಗಿದೆಯಾ?

ಕಾಲೇಜಿನ ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬ್ ಅಂದರೆ ಬಹಳ ಜನರಿಗೆ ನೆನಪಾಗುವುದು ಬ್ಯೂರೆಟ್, ಪಿಪೆಟ್ ಅನ್ನೋ ಅಳತೆಯ ಗಾಜಿನ ಕೊಳವೆಗಳು ಮತ್ತು ರೆಕಾರ್ಡ್ ಪುಸ್ತಕ. ಉತ್ತರ ಎಷ್ಟು ಬರಬೇಕು ಅನ್ನೋದು ಮೇಷ್ಟ್ರಿಗೆ ಮೊದಲೇ ಗೊತ್ತಿರುತ್ತದೆ. ಅದಕ್ಕೆ ಹತ್ತಿರ ಬಂದರೆ ಮಾರ್ಕ್ಸ್. ಇದರಿಂದ ಕೈ ಪಳಗುತ್ತದೆ, ನಿಜ. ಆದರೆ ಯಾಕೆ ಅಳೆಯುತ್ತಿದ್ದೇವೆ ಅನ್ನೋದೇ ಮರೆತುಹೋಗುತ್ತದೆ.

ಹಣ್ಣಿನ ಜ್ಯೂಸ್ ಡಬ್ಬಿಯ ಮೇಲೆ ಬರೆದಷ್ಟು ವಿಟಮಿನ್ ಸಿ ಒಳಗಿದೆಯಾ? ಮುಚ್ಚಳ ತೆಗೆದು ಎರಡು ದಿನ ಇಟ್ಟರೆ ಎಷ್ಟು ಉಳಿಯುತ್ತದೆ? ಇದು ಮೇಷ್ಟ್ರಿಗೂ ಗೊತ್ತಿಲ್ಲ. ಹೊಸಬರ ಲ್ಯಾಬ್ ಕೋರ್ಸ್ ಇಂಥ ಪ್ರಶ್ನೆಯಿಂದಲೇ ಶುರುವಾಗಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಇದಕ್ಕೆ ಉತ್ತರ ಹುಡುಕುವ ದಾರಿ ಟೈಟ್ರೇಷನ್, ಅಂದರೆ ಗೊತ್ತಿರುವ ಕಸುವಿನ ದ್ರಾವಣ ಎಷ್ಟು ಖರ್ಚಾಯಿತು ಅಂತ ನೋಡಿ ಇನ್ನೊಂದು ವಸ್ತು ಎಷ್ಟಿದೆ ಅಂತ ಲೆಕ್ಕ ಹಾಕೋದು. ಅದು ಹುಟ್ಟಿದ್ದೂ ಇಂಥ ನಿಜವಾದ ಪ್ರಶ್ನೆಯಿಂದಲೇ. 18ನೇ ಶತಮಾನದ ಕೊನೆಯಲ್ಲಿ ಬಟ್ಟೆಯನ್ನು ಬಿಳಿ ಮಾಡಲು ಕ್ಲೋರಿನ್ ದ್ರಾವಣ ಬಳಕೆಗೆ ಬಂತು. ಅದು ಖಾರವಾದರೆ ಬಟ್ಟೆ ಹಾಳು, ಸಪ್ಪೆಯಾದರೆ ಕೆಲಸವೇ ಆಗದು. ದ್ರಾವಣದ ಕಸುವು ಎಷ್ಟು ಅಂತ ತಿಳಿಯಲು ಫ್ರಾನ್ಸ್‌ನ ರಸಾಯನ ವಿಜ್ಞಾನಿ ದೆಕ್ರ್ವಾಜಿ ಅದನ್ನು ಇಂಡಿಗೋ ನೀಲಿಯ ಜೊತೆ ಬೆರೆಸಿ, ಎಷ್ಟು ದ್ರಾವಣಕ್ಕೆ ಎಷ್ಟು ಬಣ್ಣ ಹೋಗುತ್ತದೆ ಅಂತ ಅಳೆದರು.

ಜ್ಯೂಸ್‌ನ ಪ್ರಯೋಗದಲ್ಲೂ ಬಣ್ಣವೇ ಸಾಕ್ಷಿ. ಕೋನಿಕಲ್ ಫ್ಲಾಸ್ಕ್‌ಗೆ 20 ಮಿಲಿ ಲೀಟರ್ ಸೋಸಿದ ಜ್ಯೂಸ್ ಹಾಕಿ, ಕೆಲವು ಹನಿ ಸ್ಟಾರ್ಚ್ ದ್ರಾವಣ ಸೇರಿಸಿ. ಬ್ಯೂರೆಟ್‌ನಲ್ಲಿ ಅಯೋಡಿನ್ ದ್ರಾವಣ ಇರಲಿ. ಅಯೋಡಿನ್ ಬಿದ್ದ ಜಾಗದಲ್ಲಿ ಕಡುನೀಲಿ ಮೂಡುತ್ತದೆ, ಫ್ಲಾಸ್ಕ್ ಅಲ್ಲಾಡಿಸಿದರೆ ಮಾಯ. ಯಾಕೆಂದರೆ ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲ, ಅಯೋಡಿನ್ನನ್ನು ಸ್ಟಾರ್ಚ್ ಜೊತೆ ನೀಲಿಯಾಗದ ಅಯೊಡೈಡ್ ಮಾಡಿಬಿಡುತ್ತದೆ. ಹನಿ ಹಾಕುತ್ತಾ ಹೋದಂತೆ ನೀಲಿ ಕರಗುವುದು ನಿಧಾನವಾಗುತ್ತದೆ. ಇಲ್ಲಿ ಅವಸರ ಮಾಡಬಾರದು. ಕೊನೆಗೆ ಒಂದೇ ಒಂದು ಹನಿಗೆ ನೀಲಿ ಬಂದು ನಿಂತುಬಿಡುತ್ತದೆ. ವಿಟಮಿನ್ ಸಿ ಮುಗಿಯಿತು, ಉಳಿದ ಅಯೋಡಿನ್ ಸ್ಟಾರ್ಚ್‌ನ ಸುರುಳಿಯಾಕಾರದ ಅಣುವಿನೊಳಗೆ ಸೇರಿಕೊಂಡಿತು ಅಂತ ಅರ್ಥ. ಅದೇ ಎಂಡ್ ಪಾಯಿಂಟ್.

ಲೆಕ್ಕ ಸುಲಭ. ಒಂದು ಅಯೋಡಿನ್ ಅಣುವಿಗೆ ಒಂದು ಆಸ್ಕಾರ್ಬಿಕ್ ಆಮ್ಲದ ಅಣು. ಅಯೋಡಿನ್ ದ್ರಾವಣ 0.005 ಮೋಲಾರ್ (ದ್ರಾವಣದ ಕಸುವಿನ ಅಳತೆ) ಆಗಿದ್ದರೆ ಅದರ 1 ಮಿಲಿ ಲೀಟರ್ ಸುಮಾರು 0.88 ಮಿಲಿಗ್ರಾಂ ವಿಟಮಿನ್ ಸಿಗೆ ಸಮ. 9.1 ಮಿಲಿ ಲೀಟರ್ ಖರ್ಚಾದರೆ ಫ್ಲಾಸ್ಕ್‌ನಲ್ಲಿ 8 ಮಿಲಿಗ್ರಾಂ, ಅಂದರೆ 100 ಮಿಲಿ ಲೀಟರ್ ಜ್ಯೂಸ್‌ಗೆ 40 ಮಿಲಿಗ್ರಾಂ. ಇದನ್ನು ಡಬ್ಬಿಯ ಮೇಲಿನ ಅಂಕಿಯ ಪಕ್ಕ ಇಟ್ಟು ನೋಡುವಾಗ ವಿದ್ಯಾರ್ಥಿ ತಾನಾಗಿಯೇ ಕೇಳುತ್ತಾನೆ: ನನ್ನ ರೀಡಿಂಗ್ ಸರಿಯಾ? ಕಣ್ಣು ದ್ರಾವಣದ ಮಟ್ಟಕ್ಕೇ ಇತ್ತಾ? ಇನ್ನೊಮ್ಮೆ ಮಾಡಿದರೆ ಇಷ್ಟೇ ಬರುತ್ತಾ? ‘ಮೂರು ಸಲ ರೀಡಿಂಗ್ ತಗೋ’ ಅನ್ನೋ ನಿಯಮಕ್ಕೆ ಆಗ ಜೀವ ಬರುತ್ತದೆ.

ಇಂಥ ಪ್ರಶ್ನೆಗಳು ಬೇಕಾದಷ್ಟಿವೆ. ನೀರಿನ ಗಡಸುತನವನ್ನು ಇಡಿಟಿಎ (ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಳ್ಳುವ ರಾಸಾಯನಿಕ) ಹಾಕಿ ಅಳೆಯಬಹುದು. ಹೊಟ್ಟೆಯುರಿಗೆ ತಿನ್ನುವ ಮಾತ್ರೆಯನ್ನೂ ಪರೀಕ್ಷೆ ಮಾಡಬಹುದು: 500 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಇದ್ದರೆ ಅದು 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲವನ್ನು 100 ಮಿಲಿ ಲೀಟರ್‌ನಷ್ಟು ತಟಸ್ಥ ಮಾಡಬೇಕು. ಮಾಡುತ್ತದಾ ಅಂತ ನೋಡಿದರಾಯಿತು.

ಆದರೆ ಜ್ಯೂಸ್‌ನ ಪ್ರಯೋಗ ನನಗೆ ಹೆಚ್ಚು ಇಷ್ಟ, ಯಾಕೆಂದರೆ ಅದರಲ್ಲಿ ಒಂದು ತೊಡಕಿದೆ. ಅಯೋಡಿನ್‌ಗೆ ವಿಟಮಿನ್ ಸಿ ಒಂದೇ ಗಿರಾಕಿಯಲ್ಲ. ಜ್ಯೂಸ್ ಕೆಡದಿರಲಿ ಅಂತ ಸಲ್ಫೈಟ್ ಸೇರಿಸಿದ್ದರೆ ಅದೂ ಅಯೋಡಿನ್ನನ್ನು ನುಂಗುತ್ತದೆ. ಆಗ ರೀಡಿಂಗ್ ಜಾಸ್ತಿ ಬರುತ್ತದೆ, ಇಲ್ಲದ ವಿಟಮಿನ್ ಇದ್ದಂತೆ ಕಾಣುತ್ತದೆ. ಇದನ್ನು ಬೇರೆ ಮಾಡೋದು ಹೇಗೆ? ಮೇಷ್ಟ್ರು ಉತ್ತರ ಹೇಳಿಬಿಡಬಾರದು, ವಿದ್ಯಾರ್ಥಿಗಳು ಒಂದಷ್ಟು ತಲೆ ಕೆಡಿಸಿಕೊಳ್ಳಲಿ. ಒಂದು ದಾರಿ ಇದೆ. ಸೌತೆಕಾಯಿಯಂಥ ತರಕಾರಿಗಳಲ್ಲಿ ಆಸ್ಕಾರ್ಬೇಟ್ ಆಕ್ಸಿಡೇಸ್ ಅನ್ನೋ ಕಿಣ್ವ ಇರುತ್ತದೆ. ಅದನ್ನು ಶುದ್ಧ ಮಾಡಿ ಜ್ಯೂಸ್‌ಗೆ ಹಾಕಿದರೆ ಗಾಳಿಯ ಆಮ್ಲಜನಕ ಬಳಸಿಕೊಂಡು ವಿಟಮಿನ್ ಸಿಯನ್ನು ಅಳಿಸಿಹಾಕುತ್ತದೆ. ಆಮೇಲೆ ಅದೇ ಜ್ಯೂಸ್‌ಗೆ ಮತ್ತೆ ಟೈಟ್ರೇಷನ್ ಮಾಡಿ. ಆಗಲೂ ಖರ್ಚಾಗುವ ಅಯೋಡಿನ್ ವಿಟಮಿನ್ ಸಿಯದ್ದಲ್ಲ. ಅಷ್ಟನ್ನು ಮೊದಲ ರೀಡಿಂಗ್‌ನಿಂದ ಕಳೆಯಬೇಕು.